ಟಿವಿಗೆ ಹಿಡಿದ ಊಟದ ತಟ್ಟೆ

ಮೊನ್ನೆ ನಮ್ಮ ಮನೆಗೆ ಗೋಡೆಯಗಲದ ಹೊಸ ಟಿವಿ ಬಂತು. ತಂದವರು ಅದನ್ನು ಗೋಡೆಗೆ ಬಿಗಿದು, ಗಿಳಿ, ಜಲಪಾತ, ಬಿಡಿಸಿಟ್ಟ ದಾಳಿಂಬೆ ಎಲ್ಲವನ್ನೂ ಒಂದೊಂದಾಗಿ ತೋರಿಸಿ, "ಪಿಕ್ಚರ್ ಒಂದ್ಸಲ ಚೆಕ್ ಮಾಡ್ಕಳ್ರಿ ಅಮ್ಮಾರೆ" ಎಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಅಡುಗೆಮನೆಗೆ ಹೋಗಿ ಸ್ಟೀಲಿನ ಊಟದ ತಟ್ಟೆ ತಂದು ಟಿವಿಯ ಎದುರು ನಿಂತುಬಿಟ್ಟೆ. ನಿಂತ ಮೇಲೆ ನನಗೇ ಗೊತ್ತಾದದ್ದು. ಸೊಸೆ ಕಕ್ಕಾಬಿಕ್ಕಿಯಾಗಿ, "ಅತ್ತೆ, ಊಟಕ್ಕೆ ಇನ್ನೂ ಹೊತ್ತೈತಲ್ರಿ" ಎಂದಳು. ಟಿವಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತಟ್ಟೆಯನ್ನು ಎದೆಗವಚಿಕೊಂಡು ಪೆಚ್ಚುಪೆಚ್ಚಾಗಿ ನಕ್ಕು ಒಳಗೆ ಹೋದೆ. ವಯಸ್ಸಾದವರು ಏನು ಮಾಡಿದರೂ ಮನೆಯವರು ವಯಸ್ಸಿನ ಲೆಕ್ಕಕ್ಕೇ ಹಾಕುತ್ತಾರೆ, ಅದೊಂದು ಅನುಕೂಲ.

ಸೊಸೆಗೆ ಹೇಳಲು ಮನಸ್ಸಾಗಲಿಲ್ಲ. ನಿಮಗೆ ಹೇಳುತ್ತೇನೆ. ನೀವು ನಡುವೆ ಎದ್ದು ಹಾಲು ಉಕ್ಕಿತೆಂದು ಓಡುವುದಿಲ್ಲ.

ನನ್ನ ತವರು ನ್ಯಾಮತಿ. ಅಪ್ಪ ಅಲ್ಲಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಹರಿದು ಕೊಡುವ ಕೆಲಸದಲ್ಲಿದ್ದ. ಅಂಗಡಿ ಸಾಹುಕಾರರದು, ಗಿರಾಕಿಗಳು ಮಾತ್ರ ಅಪ್ಪನವರು. ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗಿ ಹಲಗೆಯ ಕೆಳಗೆ ಕೂತು ಚೂರು ಬಟ್ಟೆ ಆರಿಸುತ್ತಿದ್ದೆ. ಹೊಸ ಬಟ್ಟೆಯ ಗಂಜಿ ವಾಸನೆಗೆ ಮೂಗು ಕಟ್ಟುತ್ತಿತ್ತು. ಮೇಲೆ ಅಪ್ಪನ ದನಿ ಕೇಳುತ್ತಿತ್ತು. "ಇದು ಬಣ್ಣ ಬಿಡಾದಿಲ್ಲ ತಾಯಿ, ಬಿಟ್ರೆ ಬಂದು ನನ್ನನ್ನ ಕೇಳ್ರಿ." ಹೆಂಗಸರು ಸೀರೆ ತಂದು ಅದಕ್ಕೆ ಹೊಂದುವ ಕುಪ್ಪಸದ ಬಟ್ಟೆ ಕೇಳಿದರೆ, ಅಪ್ಪ ಸೀರೆಯನ್ನೂ ಬಟ್ಟೆ ಸುತ್ತಿದ ಥಾನನ್ನೂ ಎತ್ತಿಕೊಂಡು ರಸ್ತೆಗೇ ಇಳಿಯುತ್ತಿದ್ದ. ಅಂಗಡಿಯೊಳಗಿನ ದೀಪವನ್ನು ಅವನು ನಂಬುತ್ತಿರಲಿಲ್ಲ. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಒಂದು ಎಳೆ ಹಸಿರು ಹೆಚ್ಚಾದರೂ "ಇದು ಕೂಡಾದಿಲ್ಲ" ಎಂದು ವಾಪಸು ಒಯ್ಯುತ್ತಿದ್ದ. ಹೊನ್ನಾಳಿಯಿಂದಲೂ ಸಾಸ್ವೆಹಳ್ಳಿಯಿಂದಲೂ ಮದುವೆ ಬಟ್ಟೆಗೆ ಬಂದವರು "ಅವರೇ ತೋರಿಸ್ಲಿ" ಎಂದು ಅಪ್ಪನಿಗಾಗಿ ಕಾಯುತ್ತಿದ್ದದ್ದುಂಟು. ಅಪ್ಪನ ಗರ್ವವೆಲ್ಲ ಅಷ್ಟೇ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಗೊತ್ತಿದ್ದ ಮನೆಗಳಿಗೆ ಸೀರೆಗಳನ್ನು ಗಂಟು ಕಟ್ಟಿ 'ನೋಡಾಕೆ' ಎಂದು ಕಳಿಸುವುದು. ಆ ಮನೆಯ ಹೆಂಗಸರು ಎರಡು ದಿನ ಇಟ್ಟುಕೊಂಡು, ಮೈಮೇಲೆ ಹಾಕಿಕೊಂಡು, ಅಕ್ಕಪಕ್ಕದವರಿಗೆ ತೋರಿಸಿ, ಪಸಂದಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಡುತ್ತಿದ್ದರು. ವಾಪಸು ಬಂದ ಸೀರೆಯನ್ನು ಅಪ್ಪ ಹಳೆಯ ಮಡಿಕೆಯ ಮೇಲೇ ಮಡಿಸಿ ಇಸ್ತ್ರಿ ಒತ್ತಿ ಅಟ್ಟಿಗೇರಿಸುತ್ತಿದ್ದ. ಬೇರೆ ಮನೆಯ ಹೆಂಗಸರ ಬೆವರು ಕಂಡ ಸೀರೆ ಹೊಸದರಂತೆಯೇ ಕೂತಿರುತ್ತಿತ್ತು. ಈ ಪದ್ಧತಿ ನನಗೆ ಆಗ ಬಹಳ ಮರ್ಯಾದೆಯ ವಿಷಯವಾಗಿ ಕಾಣುತ್ತಿತ್ತು. ನಂಬಿಕೆಯಿಲ್ಲದೆ ಯಾರು ಮನೆಗೆ ಕಳಿಸುತ್ತಾರೆ ಹೇಳಿ?

ಇಂಥ ಬಣ್ಣದ ಪರಿಣತನ ಮನೆಯಲ್ಲಿ ನಾನು ಕಪ್ಪಗೆ ಹುಟ್ಟಿದೆ. ಎಣ್ಣೆಗಪ್ಪು ಎಂದು ಮರ್ಯಾದೆಯಾಗಿ ಹೇಳುವವರಿದ್ದರು, ಅವರು ಸಂಬಂಧ ಕೇಳಿ ಬಂದವರಲ್ಲ. ಬಂದವರು ಉಪ್ಪಿಟ್ಟು ತಿಂದು, ಅವ್ವನ ಕೈರುಚಿ ಹೊಗಳಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಬಸ್ಸು ಹತ್ತುತ್ತಿದ್ದರು. ಅವರ ಊರುಗಳಲ್ಲಿ ಅಂಚೆಪೆಟ್ಟಿಗೆಯೇ ಇರಲಿಲ್ಲವೇನೋ.

ಎಂಬತ್ತರ ದಶಕದ ನಡುವಿನಲ್ಲಿ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗ ಕಚೇರಿಯೊಂದರಲ್ಲಿ ಗುಮಾಸ್ತ. ಹುಡುಗನ ಅಪ್ಪ ಬಸಣ್ಣ, ಎತ್ತರದ ಆಳು, ಕೂತರೆ ಕುರ್ಚಿ ನರಳುವಂಥವರು. ಎಲ್ಲರೂ ಕೇಳುವುದನ್ನು ಕೇಳಿದರು. ಹಾಡು ಬರುತ್ತಾ, ಹೊಲಿಗೆ ಬರುತ್ತಾ. ಆಮೇಲೆ ಅಷ್ಟೊತ್ತೂ ನೆಲ ನೋಡುತ್ತಿದ್ದ ಹುಡುಗ ತಲೆಯೆತ್ತಿ, "ನೀವು ಏನಾದ್ರೂ ಓದ್ತೀರಾ?" ಎಂದ. ಲೈಬ್ರರಿಯಿಂದ ಕಾದಂಬರಿ ತರುತ್ತೇನೆ ಎಂದೆ. "ನಾನೂ ತರ್ತೀನ್ರಿ. ಕೊನೇ ಹಾಳೆ ಯಾರಾದ್ರೂ ಹರಿದಿರ್ತಾರೆ" ಎಂದ. ನಾನು ನಕ್ಕೆ. ಅವನೂ ನಕ್ಕ. ಇಷ್ಟೇ ನಡೆದದ್ದು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಮದುವೆ ಬೇಕಿತ್ತು. ನೋಡಲು ಬಂದವರಲ್ಲಿ ನನ್ನನ್ನು ಮನುಷ್ಯಳೆಂದು ಮಾತಾಡಿಸಿದವನು ಅವನೊಬ್ಬನೇ.

ಬಸಣ್ಣ ಹೊರಡುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟರು. "ಹುಡುಗಿ ಇರ್ಲಿ ಬಿಡ್ರಿ, ನಡೀತೈತೆ. ನಮಗೆ ಬೇರೇನೂ ಬ್ಯಾಡ, ಟಿವಿ ಒಂದು ಬೇಕು. ನಮ್ಮ ಅಣ್ಣನ ಮಗನಿಗೆ ಒಂದು ಕೊಟ್ಟವ್ರೆ, ಅದ್ರಾಗೆ ಮನುಷ್ಯ ಯಾವ್ದು ಮರ ಯಾವ್ದು ಗೊತ್ತಾಗಲ್ಲ. ಹಂಗಾಗಬಾರ್ದು. ಪಿಕ್ಚರ್ ನೋಡೇ ನಾವು ಮುಂದಿನ ಮಾತಾಡಾದು."

ಹುಡುಗಿ ಇರಲಿ, ಪಿಕ್ಚರ್ ಮಾತ್ರ ಚೆನ್ನಾಗಿರಬೇಕು. ಒಳಗೆ ಲೋಟ ತೊಳೆಯುತ್ತಿದ್ದ ನನಗೆ ಎರಡೂ ಕೇಳಿಸಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟಿವಿ ಬಂದರೆ ಆಯಿತಲ್ಲ ಎಂದುಕೊಂಡೆ. ಆ ವಯಸ್ಸಿನಲ್ಲಿ ಸಿಟ್ಟು ಕೂಡ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಪೇಟೆಯ ಶೋರೂಮಿನ ಟಿವಿ ಕೊಳ್ಳುವ ತಾಕತ್ತು ಅಪ್ಪನಿಗಿರಲಿಲ್ಲ. ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹಾಲಪ್ಪ ಎನ್ನುವವನು ಬಿಡಿಸಾಮಾನು ತರಿಸಿ ತಾನೇ ಟಿವಿ ಜೋಡಿಸಿ ಕೊಡುತ್ತಾನೆಂದು ಸಂತೇಬೆನ್ನೂರಿನ ಸಂತೆಯಲ್ಲಿ ಅಪ್ಪನಿಗೆ ಯಾರೋ ಹೇಳಿದರು. ಅಪ್ಪ ಹೋಗಿ ಹೇಳಿ ಬಂದ. ಒಂದು ದಿನ ಬಸ್ಸಿನ ಮೇಲಿನಿಂದ ಮರದ ಡಬ್ಬಿಯೊಂದು ಇಳಿಯಿತು. ಗಾಜಿನ ಮುಂದೆ ಶಟರಿನಂತೆ ಸರಿಯುವ ಬಾಗಿಲು, ಕೆಳಗೆ ನಾಲ್ಕು ಕಾಲು. ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿಲ್ಲ, ಹಾಲಪ್ಪ ತನ್ನ ಮಗಳ ಹೆಸರನ್ನು ಇಂಗ್ಲಿಷಿನಲ್ಲಿ ಅಂಟಿಸಿದ್ದ. ಅವ್ವ ಆರತಿ ಎತ್ತಿದಳು. ಅಪ್ಪ ಮಾಳಿಗೆಯ ಮೇಲೆ ಕಬ್ಬಿಣದ ಪೈಪಿಗೆ ಆಂಟೆನಾ ಕಟ್ಟಿದ. ಗುಂಡಿ ಒತ್ತಿದರೆ ಬರೀ ಚುಕ್ಕಿ, ಚುಕ್ಕಿಯ ಹಿಂದೆ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವ್ವ, "ಪಾಪ, ಮಳೆಯಾಗೆ ನಿಂತವ್ರೆ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಅಪ್ಪನ ಪರೀಕ್ಷೆ. ಟಿವಿ ಹೇಗೆ ಪರೀಕ್ಷಿಸಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನಿಗೆ ಗೊತ್ತಿದ್ದದ್ದು ಬಟ್ಟೆ. ಆದ್ದರಿಂದ ಬಟ್ಟೆಯನ್ನು ನೋಡಿದ ಹಾಗೇ ಟಿವಿಯನ್ನೂ ನೋಡಿದ.

ಸಂಜೆ ಕಾರ್ಯಕ್ರಮ ಶುರುವಾಗುವ ಮುಂಚೆ ಕುಂಯ್ ಎಂಬ ಸದ್ದಿನ ಜೊತೆ ಗೆರೆ, ಚೌಕಗಳ ನಡುವೆ ಒಂದು ದೊಡ್ಡ ವೃತ್ತ ಬಂದು ನಿಲ್ಲುತ್ತಿತ್ತಲ್ಲ, ನಿಮಗೂ ನೆನಪಿರಬಹುದು. ಬೇರೆಯವರ ಮನೆಯಲ್ಲಿ ಅದು ಮುಗಿಯಲೆಂದು ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕಾಗಿಯೇ ಕಾಯುತ್ತಿದ್ದೆವು. ಹಾಲಪ್ಪನ ಟಿವಿಯಲ್ಲಿ ವೃತ್ತ ಕೋಳಿಮೊಟ್ಟೆಯ ಹಾಗಿತ್ತು, ಪರದೆಗೆ ಬಂದವರ ತಲೆಯೆಲ್ಲ ಬದನೆಕಾಯಿಯ ಹಾಗೆ ಉದ್ದ. ಅಪ್ಪ ಮನೆಯ ತಟ್ಟೆಗಳನ್ನೆಲ್ಲ ಹೊರಗೆ ತೆಗೆಸಿ, ವೃತ್ತದಷ್ಟೇ ಅಗಲದ ಊಟದ ತಟ್ಟೆಯೊಂದನ್ನು ಆರಿಸಿದ. ನಾನು ಅದನ್ನು ಗಾಜಿಗೆ ಹಿಡಿಯಬೇಕು, ಅಪ್ಪ ಹಿಂದೆ ಕೂತು ಸ್ಕ್ರೂ ತಿರುಗಿಸಬೇಕು.

"ಹೆಂಗೈತೆ?"

"ಮೇಲೆ ಇನ್ನೂ ಹೊರಗೆ ಕಾಣ್ತೈತೆ ಅಪ್ಪಾ."

"ಈಗ?"

"ಈಗ ಪಕ್ಕದಾಗೆ ಉಬ್ಬೈತೆ."

ಅವ್ವ ಅಡುಗೆಮನೆಯಿಂದ, "ತಟ್ಟೆ ಕೊಡ್ರಿ, ಉಣ್ಣಾಕೆ ಬೇಕು" ಎಂದು ಕೂಗುತ್ತಿದ್ದಳು. ಅಪ್ಪನಿಗೆ ಒಂದೆರಡು ಸಲ ಶಾಕ್ ಹೊಡೆದು ಕೈ ಜಾಡಿಸಿಕೊಂಡು ಕೂತದ್ದೂ ಉಂಟು. ಕೊನೆಗೂ ವೃತ್ತ ತಟ್ಟೆಯ ಹಿಂದೆ ಪೂರ್ತಿ ಮುಚ್ಚಿಹೋಯಿತು. ಆವತ್ತು ವಾರ್ತೆ ಓದುವ ಹೆಂಗಸಿಗೆ ಮನುಷ್ಯರ ತಲೆ ಬಂತು.

ಎರಡನೆಯ ಪರೀಕ್ಷೆ ಅವಳ ಸೀರೆಯದು. ಅಂಚು ಎಂಥದು, ರೇಷ್ಮೆಯೋ ನೂಲೋ, ಸೆರಗಿನ ಬುಟ್ಟ ಎಣಿಸಬಹುದೋ. ಅವಳು ಏನು ಓದಿದಳೆಂದು ಅಪ್ಪನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಏನು ಉಟ್ಟಿದ್ದಳೆಂದು ಮಾತ್ರ ಬಾಯಿಪಾಠ. ದೇಶದಲ್ಲಿ ಏನೇನೋ ಆಗುತ್ತಿತ್ತು, ಅಪ್ಪ "ಇವತ್ತು ಜರಿ ಸ್ವಲ್ಪ ಮಸಕು" ಎಂದು ಮಾಳಿಗೆ ಹತ್ತುತ್ತಿದ್ದ. ಪಕ್ಕದ ಮನೆಯವರು ತಮ್ಮ ಟಿವಿಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಮೇಲೆ ನೀಲಿ, ನಡುವೆ ಗುಲಾಬಿ, ಕೆಳಗೆ ಹಸಿರು. ಅದರಲ್ಲಿ ಎಲ್ಲರಿಗೂ ನೀಲಿ ಕೂದಲು. ಅದನ್ನು ಹಾಕಿಸೋಣ ಎಂದು ಅವ್ವ ಆಸೆಪಟ್ಟರೆ ಅಪ್ಪ ಕೆಕ್ಕರಿಸಿದ. "ಅದು ಬಣ್ಣ ಅಲ್ಲ ಕಣೇ, ಮೋಸ. ಕರಿ ಬಿಳಿ ಸರಿಯಾಗಿರ್ಲಿ ಸಾಕು."

ಕರಿ ಬಿಳಿ ಸರಿಯಾಗಿದೆಯೋ ಇಲ್ಲವೋ ನೋಡುವುದೇ ಮೂರನೆಯ ಪರೀಕ್ಷೆ. ಬಿಳಿಗೆ ಅಪ್ಪ ತನ್ನ ತೊಳೆದ ಪಂಚೆಯನ್ನು ಟಿವಿಯ ಪಕ್ಕ ಇಳಿಬಿಟ್ಟ. ಕರಿಗೆ ಕೊಡೆಯ ಬಟ್ಟೆ. ಎರಡನ್ನೂ ನೋಡುತ್ತ ಗುಂಡಿ ತಿರುಗಿಸಿದ. ಬಿಳಿ ಬಿಳಿಯಾಗಿ, ಕರಿ ಕರಿಯಾಗಿ ಬಂತು. ಆದರೆ ನಡುವಿನದ್ದು ಸರಿ ಬರುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಥಾನು ಹುಡುಕುವವನ ಹಾಗೆ ಅಪ್ಪ ಸುತ್ತ ನೋಡಿದ. ಕಣ್ಣು ನನ್ನ ಮೇಲೆ ನಿಂತಿತು.

"ಬಾರವ್ವ ಇಲ್ಲಿ. ತೋಳು ಹಿಡಿ."

ನಾನು ಹೋಗಿ ತೋಳನ್ನು ಗಾಜಿನ ಪಕ್ಕ ಹಿಡಿದೆ. ಪರದೆಯ ಮೇಲೆ ವಾರ್ತೆಯ ಹೆಂಗಸಿನ ಮುಖ. ಅಪ್ಪ ಕಣ್ಣು ಕಿರಿದು ಮಾಡಿ ಒಮ್ಮೆ ಅವಳನ್ನು, ಒಮ್ಮೆ ನನ್ನ ತೋಳನ್ನು ನೋಡಿ, ಗುಂಡಿ ತಿರುಗಿಸಿದ. ಅವಳು ಬೆಳ್ಳಗಾದಳು, ಇನ್ನೂ ಬೆಳ್ಳಗಾದಳು. "ಹಾಂ, ಈಗ ಸರಿ. ನಿನಗೂ ಅವಳಿಗೂ ಫರಕು ಎದ್ದು ಕಾಣ್ತೈತೆ" ಎಂದ. ಅಪ್ಪನ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಮ್ಯಾಚಿಂಗ್ ನೋಡುವವನ ಮಾತು. ಅದೇ ನನಗೆ ಹೆಚ್ಚು ನೋಯಿಸಿತು. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಆಮೇಲೆ ಅದು ರೂಢಿಯಾಗಿ, ಸಂಜೆಯಾದರೆ ಪಂಚೆ, ಕೊಡೆ, ನಾನು ಮೂವರೂ ಟಿವಿಯ ಪಕ್ಕ ಹಾಜರಿ ಹಾಕುತ್ತಿದ್ದೆವು.

ಅವ್ವನಿಗೆ ಮಾತ್ರ ಇದು ಹಿಡಿಸಲಿಲ್ಲ. "ಮಗಳ ಕೈಯೇನು ಸ್ಯಾಂಪಲ್ ಬಟ್ಟೇನ್ರಿ?" ಎಂದು ಒಮ್ಮೆ ಜೋರಾಗಿಯೇ ಕೇಳಿದಳು. ಅಪ್ಪ ನಿಜವಾಗಿಯೂ ಅರ್ಥವಾಗದೆ ಅವಳ ಮುಖ ನೋಡಿದ. "ಯಾರಿಗಾಗಿ ಮಾಡ್ತಿದೀನೇ ನಾನು? ಅವಳ ಮದುವೆಗೇ ಅಲ್ವಾ?" ಎಂದ. ಅದೂ ನಿಜ. ಇಡೀ ದಿನ ಅಂಗಡಿಯಲ್ಲಿ ನಿಂತು ಬಂದ ಕಾಲಿನಲ್ಲೇ ಏಣಿ ಹತ್ತುತ್ತಿದ್ದ. ಗಾಳಿಗೆ ಆಂಟೆನಾ ತಿರುಗಿದರೆ ಅವನ ಮುಖ ಇಳಿಯುತ್ತಿತ್ತು. ನನ್ನ ಬದುಕು ನೆಟ್ಟಗಾಗುವುದು ಆ ಪೈಪು ನೆಟ್ಟಗಿದ್ದರೆ ಎಂದು ಅಪ್ಪ ನಂಬಿದ್ದ. ನಾನೂ ನಂಬಿದ್ದೆ. ನಾನು ತೋಳು ಹಿಡಿದು ನಿಂತದ್ದು ಸುಮ್ಮನೆ ಅಲ್ಲ. ಕೊನೇ ಹಾಳೆ ಹರಿದ ಕಾದಂಬರಿಯನ್ನು ಇಬ್ಬರೂ ಓದಿ, ಕೊನೆ ಏನಾಗಿರಬಹುದೆಂದು ಜಗಳವಾಡುವ ಮನೆಯೊಂದು ನನ್ನ ಕಣ್ಣ ಮುಂದಿತ್ತು.

ಪಿಕ್ಚರ್ ಅಪ್ಪನ ಮನಸ್ಸಿಗೆ ಬಂದ ಮೇಲೆ ಬಸಣ್ಣನವರಿಗೆ ಹೇಳಿ ಕಳಿಸಿದ. ಅವರಿಂದ ಬಂದ ಉತ್ತರ, "ನಿಮ್ಮೂರಾಗೆ ಚೆನ್ನಾಗಿ ಬಂದ್ರೆ ನಮಗೇನಾತು? ನಮ್ಮನ್ಯಾಗೆ ಬರಬೇಕಲ್ರಿ." ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೋಪಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಅದು ನ್ಯಾಯವಾಗಿಯೇ ಕಂಡಿತು. ಬಟ್ಟೆಯನ್ನು ಅಂಗಡಿಯ ದೀಪದಲ್ಲಿ ನೋಡಬಾರದು, ಉಡುವವರ ಮನೆಯಲ್ಲೇ ನೋಡಬೇಕು. "ನೋಡಾಕೆ ಕೊಟ್ಟು ಬರ್ತೀನಿ. ಪಸಂದಾದ್ರೆ ಅಲ್ಲೇ ಇರ್ತೈತೆ, ಹೆಂಗೂ ನಮ್ಮ ಹುಡುಗಿ ಹೋಗಾ ಮನೆ" ಎಂದ. ಅವ್ವ ಬೇಡವೆಂದಳು. ಮದುವೆಗೆ ಮುಂಚೆ ಸಾಮಾನು ಹೋಗಬಾರದು ಎಂದಳು. ಹೆಂಗಸರ ಮಾತಿಗೆ ಆ ಮನೆಯಲ್ಲಿ ಟಿವಿಯ ಸದ್ದಿಗಿಂತ ಕಡಿಮೆ ಬೆಲೆ.

ಹೊರಡುವ ದಿನ ನಾನು ಟಿವಿಯ ಗಾಜನ್ನು ಸೀರೆಯ ಸೆರಗಿನಿಂದ ಒರೆಸಿದೆ. ಅವನು ನೋಡುವ ಗಾಜು ಎಂದು ಒರೆಸಿದೆ. ಅಪ್ಪ ಹಳೆಯ ಕಂಬಳಿ ಸುತ್ತಿ, ಬಸ್ಸಿನ ಮೇಲೆ ಹಾಕಲು ಒಪ್ಪದೆ, ಕಂಡಕ್ಟರಿಗೆ ದುಂಬಾಲು ಬಿದ್ದು, ಜಗಳೂರಿನ ತನಕ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಬ್ಬಿಕೊಂಡೇ ಹೋದನಂತೆ. ಮಾರನೆಯ ದಿನ ಬಂದವನ ಮುಖ ಬೆಳಗುತ್ತಿತ್ತು. ಜಗಳೂರು ಬಯಲು ಸೀಮೆ, ಅಡ್ಡ ಏನೂ ಇಲ್ಲ, ಉದ್ದ ಪೈಪು ಹಾಕಿ ಆಂಟೆನಾ ಏರಿಸಿದರೆ ಪಿಕ್ಚರು ನಮ್ಮ ಮನೆಗಿಂತ ಚೆನ್ನಾಗಿ ಬಂತಂತೆ. ಓಣಿಯವರೆಲ್ಲ ಬಂದು ಪಡಸಾಲೆ ತುಂಬಿ, ಬಸಣ್ಣ ಎಲ್ಲರಿಗೂ "ಬೀಗರು ತಂದಿದ್ದು" ಎಂದು ಹೇಳಿದರಂತೆ. ಬೀಗರು ಎಂದರಲ್ಲ ಎಂದು ಅವ್ವ ಸೆರಗು ಕಣ್ಣಿಗೊತ್ತಿಕೊಂಡಳು. "ಹುಡುಗ ಇದ್ನಾ?" ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಇದ್ದ. ಮುಂದೇ ಕೂತಿದ್ದ. ಕಣ್ಣು ಮಿಟುಕಿಸ್ಲಿಲ್ಲ" ಎಂದ ಅಪ್ಪ.

ನಮ್ಮ ಮನೆಯಲ್ಲಿ ಟಿವಿ ಇದ್ದ ಜಾಗ ಖಾಲಿಯಾಗಿ, ಸಂಜೆಗಳು ಉದ್ದವಾದವು. ಮಳೆಗಾಲ ಕಳೆಯಿತು. ಬಸಣ್ಣ ಇನ್ನೂ ನೋಡುತ್ತಿದ್ದರು. ಒಮ್ಮೆ ಭಾನುವಾರದ ಸಿನಿಮಾ ನೋಡಿ ಹೇಳುತ್ತೇವೆ ಎಂದರು, ಒಮ್ಮೆ ಕ್ರಿಕೆಟ್ ಮುಗಿಯಲಿ ಎಂದರು, ಒಮ್ಮೆ ಮೋಡ ಇತ್ತು, ಸರಿಯಾಗಿ ಗೊತ್ತಾಗಲಿಲ್ಲ ಎಂದರು. ಅಪ್ಪ ಪ್ರತಿ ಸಲವೂ "ಹೌದು ಮತ್ತೆ, ಚೆನ್ನಾಗಿ ನೋಡ್ಲಿ" ಎನ್ನುತ್ತಿದ್ದ. ಎರಡು ದಿನಕ್ಕೆಂದು ಕಳಿಸಿದ ಸೀರೆ ಮೂರನೆಯ ದಿನವೂ ಬಾರದಿದ್ದರೆ ಆಳು ಕಳಿಸುತ್ತಿದ್ದ ಮನುಷ್ಯ. ದಸರೆಯಾದ ಮೇಲೆ ಅವ್ವನೇ ಅವನನ್ನು ದೂಡಿ ಕಳಿಸಿದಳು. "ಹೂಂ ಅನ್ಲಿ, ಇಲ್ಲ ಉಹುಂ ಅನ್ಲಿ. ಟಿವಿ ನೋಡ್ಕಂಡೇ ನನ್ನ ಮಗಳನ್ನ ಮುದುಕಿ ಮಾಡ್ತಾರೇನು?"

ಹೋದ ಅಪ್ಪ ಮಾರನೆಯ ಮಧ್ಯಾಹ್ನ ಬಂದ. ಚೀಲವನ್ನು ಗೂಟಕ್ಕೆ ಸಿಕ್ಕಿಸಿದ, ಕಾಲು ತೊಳೆದ, ಕೂತ. ಅವ್ವ ನೀರು ಕೊಟ್ಟು, "ದಿನ ಯಾವಾಗ ಇಟ್ಕಂಡ್ರು?" ಎಂದಳು.

"ಇಲ್ಲಂತೆ" ಎಂದ ಅಪ್ಪ. "ಹೊನ್ನಾಳಿ ಕಡೆಯಿಂದ ಇನ್ನೊಂದು ಬಂದೈತಂತೆ. ದೊಡ್ಡ ಮನೆ. ಹುಡುಗಿ ಬೆಳ್ಳಗವಳೆ ಅಂದ್ರು. ಅವ್ರು ಮೊದ್ಲೆಲ್ಲ ಇವರ ಕಡೆ ತಿರುಗಿ ನೋಡ್ತಿರ್ಲಿಲ್ವಂತೆ. ಈಗ ಮನ್ಯಾಗೆ ಟಿವಿ ಐತೆ ಅಂತ ಗೊತ್ತಾಗಿ ತಾವಾಗೇ ಬಂದವ್ರಂತೆ."

ನಮ್ಮ ಟಿವಿಯನ್ನು ಪಡಸಾಲೆಯಲ್ಲಿಟ್ಟುಕೊಂಡು ಅವರು ದೊಡ್ಡವರಾಗಿದ್ದರು. ಅವ್ವ ಗೋಡೆಗೊರಗಿ ಕೂತಳು. "ಹುಡುಗ ಏನೂ ಅನ್ಲಿಲ್ವಾ?" ಎಂದಳು.

"ಅವ್ನೇನಂತಾನೆ? ಟಿವಿ ನೋಡ್ತಾ ಕೂತಿದ್ದ."

"ಮತ್ತೆ ನಮ್ಮ ಟಿವಿ ಎಲ್ಲಿ?"

"ಅದನ್ನ ಅವ್ರೇ ಇಟ್ಕಂಡ್ರು. ಬಿಡಾಕೆ ಮನಸ್ಸಿಲ್ಲ ಅಂದ್ರು. ಕೊಂಡ ರೇಟಿಗೇ ಕೊಟ್ಟು ಬಂದೆ. ಲುಕ್ಸಾನೇನೂ ಆಗ್ಲಿಲ್ಲ."

ಅವ್ವ ಹಣೆ ಹಣೆ ಬಡಿದುಕೊಂಡಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಪ್ಪ ನನ್ನನ್ನು ಸಮಾಧಾನ ಮಾಡಬೇಕೆಂದು ತಿರುಗಿದ. ನೀರಿನ ಲೋಟ ಕೆಳಗಿಟ್ಟು ಹೇಳಿದ.

"ಆದ್ರೂ ಒಂದು ಮಾತು ಕಣವ್ವ. ಬಸಣ್ಣ ಎಂಥೆಂಥ ಟಿವಿ ನೋಡಿದ ಮನುಷ್ಯ. ನಮ್ಮ ಪಿಕ್ಚರಿನಾಗೆ ಒಂದು ಕೊರತೆ ತೆಗೆಯಾಕೆ ಆಗ್ಲಿಲ್ಲ ಅವರ ಕೈಲಿ. ಹಿಂಗೆ ಎಲ್ಲೂ ನೋಡಿಲ್ಲ ಅಂದ್ರು."

ಹಾಗೆನ್ನುವಾಗ ಅಪ್ಪನ ಮುಖದಲ್ಲಿ ಸಂತೋಷವಿತ್ತು. ಬಹಳ ಅಲ್ಲ, ಹಟಮಾರಿ ಗಿರಾಕಿಯೊಬ್ಬಳು ಕೊನೆಗೆ ಥಾನು ಒಪ್ಪಿದಾಗ ಬರುವಷ್ಟು. ಅಪ್ಪ ಒಳ್ಳೆಯವನು, ನನ್ನನ್ನು ಪ್ರೀತಿಸುತ್ತಿದ್ದವನು, ನನಗಾಗಿ ಶಾಕ್ ಹೊಡೆಸಿಕೊಂಡವನು. ಆಮೇಲೆ ಕತ್ತಲಗೆರೆಯ ಕಡೆ ನನ್ನ ಮದುವೆಯನ್ನೂ ಅವನೇ ಮಾಡಿದ, ನಾನು ಕೆಟ್ಟದಾಗಿಯೇನೂ ಬಾಳಲಿಲ್ಲ. ಜಗಳೂರಿನ ಹುಡುಗನ ಮುಖ ಮರೆತು ಯಾವ ಕಾಲವಾಯಿತೋ. ಅಪ್ಪನ ಆ ಸಂತೋಷವನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವನು ನನ್ನ ಮುಖವನ್ನೇ ನೋಡುತ್ತ ನಾನೇನಾದರೂ ಹೇಳಲೆಂದು ಕಾಯುತ್ತಿದ್ದ.

"ಒಳ್ಳೇದಾತು ಬಿಡಪ್ಪ" ಎಂದೆ.

ಅಪ್ಪ ಅದನ್ನು ನಂಬಿದ.